ಹತ್ತರ ಲೆಕ್ಕದ ಕಾಟಾ

ರಾಯಚೂರು ಗಂಜಿನ ಕಾಟಾದ ಕೋಣಿಯೊಳಗ
ಹದಿನಾಲ್ಕು ವರ್ಷದಿಂದ ಕುಂತೀನಿ.
ತುಂಬಿದ ಲಾರಿ ಬರೀತೀನಿ, ಖಾಲಿ ಲಾರಿ ಬರೀತೀನಿ,
ಕಳದು ಉಳಿದದ್ದಕ್ಕ ಶಿಕ್ಕಾ ಹೊಡೀತೀನಿ.
ಭಾರ ಅಂದ್ರ ಏನಂತ ನನಗ ಯಾರೂ ಹೇಳಬೇಕಾಗಿಲ್ಲ,

ಹಂಗಂತ ತಿಳಕೊಂಡಿದ್ದೆ.
ತಂಗಿ ಮಗ ಅಮರೇಶ, ಆರನೇತ್ತೆ,
ರಜಾಕ್ಕ ಬಂದಂವ, ಕಿಡಕ್ಯಾಗ ಗದ್ದ ಊರಿ ಕೇಳಿದ:
"ದೊಡ್ಡವ್ವ, ರಾಕೆಟ್ಟಿನ್ಯಾಗ ಕುಂತವರಿಗೆ ತೂಕನ ಇರಂಗಿಲ್ಲಂತ.
ನಮಗ ಹಂಗ ಆಗಬೇಕಂದ್ರ ಎಷ್ಟು ರೊಕ್ಕ ಬೇಕು?"

ರೊಕ್ಕ ಬ್ಯಾಡ, ಹೋಗು, ಕಾಟಾದ ನಡುವ ನಿಂತು ಜಿಗಿ ಅಂದೆ.
ಕೆಂಪಂಕಿ ಮೂವತ್ತು ಅಂದ್ವು.
ಕುಕ್ಕರಗಾಲಿಲೆ ಕುಂತು ಚಿಮ್ಮಿದ, ಅರವತ್ತು,
ಆಮ್ಯಾಲ ಕಣ್ಣು ಪಿಳಕಿಸೋದರಾಗ
ಸೊನ್ನೆ.
"ದೊಡ್ಡವ್ವ! ನಾ ಇದ್ದಿದ್ದಿಲ್ಲ! ನೀ ನೋಡಿದಿಲ್ಲೋ!"
ಹಿಂದ ನಿಂತ ಮೆಣಸಿನಕಾಯಿ ಲಾರಿ ಡ್ರೈವರ್
ಹಾರನ್ ಬಿಟ್ಟು, ಇನ್ನೊಮ್ಮೆ ಜಿಗಿಯಪ್ಪಾ ಅಂದ.

ಹಮಾಲಿ ಹುಸೇನಪ್ಪ ಬೀಡಿ ಹಚ್ಚಿಕೋತ ನಕ್ಕ.
ಜಿಗದು ಏನು ಮಾಡ್ತಿ ಮರಿ,
ಅರವತ್ತು ಕಿಲೋ ತೊಗರಿ ಚೀಲ ಬೆನ್ನಿಗೆ ಹಾಕ್ಕೊಂಡು
ಹಲಗಿ ಏರಿ, ಒಗದು, ತಿರುಗಿದಿ ಅಂದ್ರ
ಮೊದಲ ಎರಡು ಹೆಜ್ಜಿ ಹಲಗಿಗೆ ತಾಗಂಗಿಲ್ಲ.
ಮೂರನೇದು ತಾಗತದ.
ಈ ಮಾತು ಮುಕಾದಮಗ ಹೇಳಬ್ಯಾಡ,
ಪುಕ್ಕಟೆ ಹಾರಾಡ್ತೀರಿ ಅಂತ ಕೂಲಿ ಮುರಕೊಂಡಾನು.

ಹುಡುಗನ್ನ ಬಾಗಿಲ ಚೌಕಟ್ಟಿನ್ಯಾಗ ನಿಲ್ಲಿಸಿದ.
ಎರಡೂ ಮುಂಗೈ ಹಿಂಬದಿಲೆ ಕಟ್ಟಿಗಿಗೆ ಒತ್ತು, ಇನ್ನೂ ಒತ್ತು,
ಮೂವತ್ತು ಎಣಿಸು. ಈಗ ಬಾ ಹೊರಗ.
ಕೈ ತಾವೇ ಎದ್ದುವು,
ಮೊಹರಮ್ಮಿನ್ಯಾಗ ಪೀರಲದೇವರು ಎದ್ದಂಗ.
ಹುಡುಗ ತನ್ನ ಕೈಗೆ ತಾನೇ ಅಂಜಿದ.

ಅವರಪ್ಪ ಹಟ್ಟಿ ಗಣಿಯಂವ.
ಪಂಜರ ಇಳಿಯಾಕ ಸುರು ಆದ ಗಳಿಗ್ಯಾಗ
ಹೊಟ್ಟಿ ಮ್ಯಾಲೇ ಉಳದು ಮನುಷ್ಯಾ ಅಷ್ಟೇ ಕೆಳಗ ಹೋಗತಾನಂತ.
ಇಪ್ಪತ್ತು ವರ್ಷ ಆತು, ದಿನಾ.
ಬುತ್ತಿ ಡಬ್ಬಿ ಗಟ್ಟಿ ಹಿಡಕೋತೀನಿ ಅಂತ
ನನ್ನ ಮುಂದ ಒಮ್ಮೆ ಅಂದಿದ್ದ, ಮಗನ ಮುಂದ ಅಂದಿಲ್ಲ.
ನಾನೂ ಅನಲಿಲ್ಲ.

ಐತವಾರ ಅವನ್ನ ಬಿಟ್ಟು ಬರಾಕ ಹಟ್ಟಿ ಬಸ್ಸು ಹತ್ತಿದೆ.
ಕಟ್ಟಕಡೀ ಸೀಟು. ನನ್ನ ಕೈಯಾಗ ಸೊನ್ನೆ ರೂಪಾಯಿ ಟಿಕೀಟು.
ಕಲ್ಮಲಾ ದಾಟಿದ ಮ್ಯಾಲ ಹೇಳದ ಕೇಳದ ಒಂದು ಹಂಪು.
ಆರು ಮಂದಿ ಒಮ್ಮೆಗೇ ಸೀಟು ಬಿಟ್ಟೆವು.
ತಂಬಾಕಿನ ಡಬ್ಬಿ, ಯಾರವೋ ನಾಕು ಬದನಿಕಾಯಿ, ನನ್ನ ಚಾಳೀಸು,
ಒಬ್ಬಾಕಿ "ನಮ್ಮತ್ತಿ ಏನಂತಾಳ..." ಅಂತ ತಗದ ಮಾತು,
ಎಲ್ಲಾ ಗಾಳ್ಯಾಗ.
ಕೆಳಗ ಬಿದ್ದ ಮ್ಯಾಲ
ಡಬ್ಬಿ ಸಿಕ್ತು, ಬದನಿಕಾಯಿ ಮೂರು ಸಿಕ್ಕವು,
ಅತ್ತಿ ಏನಂದಳೋ ಸಿಗಲಿಲ್ಲ.

ಇನ್ನೊಂದು ಅದ. ಅದನ್ನ ಹುಡುಗಗ ಹೇಳಿಲ್ಲ.
ನನ್ನ ಕಾಟಾ ಹತ್ತರ ಲೆಕ್ಕದ್ದು.
ಐದು ಕಿಲೋದೊಳಗ ಇದ್ದದ್ದು ಅದರ ಕಣ್ಣಿಗೆ ಬೀಳಂಗಿಲ್ಲ.
ಗುಬ್ಬಿ, ಬೆಕ್ಕು, ಹಾರಿ ಬಂದ ಅರಳಿ,
ದಲಾಲರು ಇಟ್ಟ ಆಣಿ,
ಎಂಟು ದಿನದ ಕೂಸು, ಎಲ್ಲಾ ಸೊನ್ನೆ.

ಉದುರಿದ ಕಾಳು ಬಳಿಯೋ ಹುಲಿಗೆಮ್ಮ
ಸಂಜೀಕ ಉಡಿ ತುಸು ಉಬ್ಬಿಸಿಕೊಂಡು
ಕಾಟಾದ ಮ್ಯಾಲೇ ಹಾದು ಹೋಗತಾಳ.
ಮುಂಜಾನಿ ಐವತ್ತು ಇದ್ದಾಕಿ.
ವಾಚಮನ್ ನನ್ನ ಕಿಡಕಿ ಕಡಿ ನೋಡತಾನ.
ಐವತ್ತು ಅಂತೀನಿ,
ಅಂಕಿ ಇದ್ದದ್ದು ಇದ್ದಂಗ.

ಆಕಿ ಗೇಟು ದಾಟತಾಳ,
ಒಂದು ಹೆಜ್ಜಿ, ಎರಡು.
ಮೂರನೇದು ನಾ ನೋಡಂಗಿಲ್ಲ.
ಅಷ್ಟರಾಗ ಲಾರಿ ಬಂದಿರತದ.